ಮೊರದಲ್ಲಿ ತೊಗರಿ ಕೇರಿದ ಸದ್ದು

ಸದ್ದು ಮೊದಲು ಕೇಳಿಸಿದ್ದು ಮಾರ್ಚ್ ಕೊನೆಯಲ್ಲಿ, ಕಮಲಾಪುರದಿಂದ ಕಲಬುರಗಿಗೆ ಬೈಕಿನಲ್ಲಿ ಮರಳುವಾಗ, ಒಂದು ಇಳಿಜಾರಿನಲ್ಲಿ. ಎಕ್ಸಲೇಟರ್ ಬಿಟ್ಟ ಕೂಡಲೇ ಎಂಜಿನ್ನಿನ ಎಡಬದಿಯಲ್ಲಿ ಯಾರೋ ಮೊರದಲ್ಲಿ ತೊಗರಿ ಕೇರುತ್ತಿರುವಂತೆ ಝರ್ರೆಂದಿತು. ಎಕ್ಸಲೇಟರ್ ಕೊಟ್ಟರೆ ಮಾಯ. ಬಿಟ್ಟರೆ ಮತ್ತೆ ತೊಗರಿ.

ಗಾಡಿ 2007ರದು, 150 ಸಿಸಿ. ಯಾವ ಕಂಪನಿಯದು ಎಂದು ಹೇಳುವುದಿಲ್ಲ. ಇಷ್ಟು ವರ್ಷ ದುಡಿದದ್ದರ ಮೇಲೆ ದೂರು ಹೇಳುವುದು ನನಗೆ ಸರಿಕಾಣುವುದಿಲ್ಲ. ಮರುದಿನ ಮನೆಯ ಹತ್ತಿರದ ಗ್ಯಾರೇಜಿನ ಹುಡುಗ ಎರಡು ಸಲ ರೇಸ್ ಮಾಡಿ, ಹತ್ತು ಸೆಕೆಂಡಿನಲ್ಲಿ ತೀರ್ಪು ಕೊಟ್ಟ: "ಕಾಕಾ, ಟೈಮಿಂಗ್ ಕಿಟ್ ಹೋಗಿದೆ. ಎರಡೂವರೆ ಸಾವಿರ ಆಗುತ್ತದೆ." (ಪಿಸ್ಟನ್ ತಿರುಗಿಸುವ ದಂಡ ಕ್ರ್ಯಾಂಕ್, ವಾಲ್ವ್ ತೆರೆಸುವ ದಂಡ ಕ್ಯಾಮ್. ಎರಡನ್ನೂ ಎಂಜಿನ್ನಿನೊಳಗೆ ಜೋಡಿಸುವ ಟೈಮಿಂಗ್ ಚೈನು, ಅದನ್ನು ದಾರಿಯಲ್ಲಿಡುವ ಗೈಡು, ಸ್ಪ್ರಾಕೆಟ್ ಸೇರಿದರೆ ಈ ಕಿಟ್.) ಯಾವ ಗಾಡಿ ಬಂದರೂ ಅವನು ಹೇಳುವುದು ಇದನ್ನೇ. ಹಾಗಾಗಿ ನಾನು ನಂಬಲಿಲ್ಲ. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ಸರಕಾರಿ ಕಚೇರಿಗಳು ಬೆಳಿಗ್ಗೆ ಎಂಟಕ್ಕೆ ಶುರುವಾಗಿ ಮಧ್ಯಾಹ್ನ ಒಂದೂವರೆಗೆ ಮುಗಿಯುತ್ತವೆ. ಮಧ್ಯಾಹ್ನಗಳು ಖಾಲಿ ಇದ್ದವು, ನನ್ನ ಹತ್ತಿರ ಪಾನಾಗಳೂ ಇದ್ದವು.

ಮೊದಲು ಟೈಮಿಂಗ್ ಚೈನ್ ಅಲ್ಲದ್ದನ್ನೆಲ್ಲ ಬದಿಗಿಟ್ಟೆ. ನ್ಯೂಟ್ರಲ್‌ನಲ್ಲಿ ನಿಂತಿದ್ದಾಗಲೂ ಸದ್ದು ಬರುತ್ತಿತ್ತು, ಆದ್ದರಿಂದ ಹಿಂದಿನ ಚಕ್ರದ ಚೈನ್ ಅಲ್ಲ. ಕ್ಲಚ್ ಹಿಡಿದರೂ ಬದಲಾಗಲಿಲ್ಲ, ಆದ್ದರಿಂದ ಕ್ಲಚ್ ಅಲ್ಲ. ಪಿಸ್ಟನ್ ಸಡಿಲವಾಗಿದ್ದರೆ ತಣ್ಣಗಿರುವಾಗ ಹೆಚ್ಚು ಬಡಿದು, ಎಂಜಿನ್ ಕಾದಂತೆ ಕಡಿಮೆಯಾಗಬೇಕು. ಇಲ್ಲಿ ಕಾದ ಮೇಲೆ ಸದ್ದು ಹೆಚ್ಚುತ್ತಿತ್ತು.

ಉಳಿದದ್ದು ಟ್ಯಾಪೆಟ್, ಅಂದರೆ ವಾಲ್ವನ್ನು ಒತ್ತಿ ತೆರೆಯುವ ಭಾಗ. ಅದರ ಸದ್ದಿಗೆ ಒಂದು ಲಯವಿರುತ್ತದೆ. ಕ್ರ್ಯಾಂಕ್ ಎರಡು ಸುತ್ತು ಸುತ್ತಿದರೆ ಕ್ಯಾಮ್ ಒಂದು ಸುತ್ತು. 1,400 ಆರ್‌ಪಿಎಂನಲ್ಲಿ ಪ್ರತಿ ವಾಲ್ವೂ ನಿಮಿಷಕ್ಕೆ 700 ಸಲ ತೆರೆಯುತ್ತದೆ, ಸದ್ದೂ ಟಕಟಕ ಎಂದು ಲೆಕ್ಕ ಹಿಡಿದು ಬರುತ್ತದೆ. ನನ್ನ ಗಾಡಿಯದು ಲೆಕ್ಕಕ್ಕೆ ಸಿಗದ ಸದ್ದು. ಆದರೂ ಟ್ಯಾಪೆಟ್ ನೋಡದೆ ಮುಂದೆ ಹೋಗಬಾರದೆಂದು, ಅದರ ಸಂದು ಅಳೆಯುವ ಫೀಲರ್ ಗೇಜ್ ತೆಗೆದೆ. ಇಲ್ಲಿ ಒಂದು ತಮಾಷೆ. ಎಂಜಿನ್ 35 ಡಿಗ್ರಿಗಿಂತ ತಣ್ಣಗಿದ್ದಾಗ ಮಾತ್ರ ಅಳೆಯಿರಿ ಎನ್ನುತ್ತದೆ ಕೈಪಿಡಿ. ಕಲಬುರಗಿಯ ಬೇಸಿಗೆಯಲ್ಲಿ ಮಧ್ಯಾಹ್ನದ ಗಾಳಿಯೇ 40 ದಾಟಿರುತ್ತದೆ. ಮುಟ್ಟದೆ ನಿಲ್ಲಿಸಿದ ಗಾಡಿಯೂ ಕಾದಿರುತ್ತದೆ. ರಾತ್ರಿಯೆಲ್ಲ ನಿಲ್ಲಿಸಿ, ಬೆಳಿಗ್ಗೆ ಐದೂವರೆಗೆ ಅಂಗಳದ ಶಹಾಬಾದ್ ಪರಶಿಯ ಮೇಲೆ ಕುಳಿತು ಅಳೆದೆ. ಇನ್‌ಲೆಟ್ 0.08, ಎಕ್ಸಾಸ್ಟ್ 0.12 ಮಿಲಿಮೀಟರ್. ಎರಡೂ ಸರಿಯಾಗಿದ್ದವು.

ಉದ್ದನೆಯ ಸ್ಕ್ರೂಡ್ರೈವರಿನ ಹಿಡಿಯನ್ನು ಕಿವಿಗೆ ಒತ್ತಿಕೊಂಡು ತುದಿಯನ್ನು ಎಂಜಿನ್ನಿನ ಮೇಲೆ ಅಲ್ಲಲ್ಲಿ ಇಟ್ಟು ಕೇಳಿದೆ. ಮೇಲುಭಾಗದ ಹೆಡ್ಡಿನ ಮೇಲೆ ಸಣ್ಣ ಸದ್ದು, ಅದರ ಕೆಳಗಿನ ಬ್ಲಾಕಿನ ಎಡಬದಿಯ ನಡುಭಾಗದಲ್ಲಿ, ಚೈನ್ ಓಡುವ ಜಾಗದಲ್ಲಿ, ದೊಡ್ಡದು. ಆಮೇಲೆ ಟೆನ್ಷನರ್. ಬ್ಲಾಕಿನ ಹಿಂಬದಿಯಲ್ಲಿರುವ ಇದರೊಳಗೆ ಸುರುಳಿ ಸ್ಪ್ರಿಂಗ್ ಇದ್ದು, ಅದು ಒಂದು ತಿರುಪಿನ ಕಡ್ಡಿಯನ್ನು ಮುಂದಕ್ಕೆ ದೂಡುತ್ತದೆ. ಕಡ್ಡಿ ಗೈಡನ್ನು ಒತ್ತುತ್ತದೆ, ಗೈಡ್ ಚೈನನ್ನು ಒತ್ತುತ್ತದೆ. ಹಿಂದಿನ ಸಣ್ಣ ಬೋಲ್ಟ್ ತೆಗೆದರೆ ಸ್ಕ್ರೂಡ್ರೈವರ್ ಹೋಗುವಷ್ಟು ಸೀಳು ಕಾಣುತ್ತದೆ. ಎಂಜಿನ್ ಮೆಲ್ಲಗೆ ಓಡುತ್ತಿರುವಾಗ ಎಡಕ್ಕೆ, ಅಂದರೆ ಬಿಗಿಯಾಗುವ ಕಡೆಗೆ, ಕೂದಲೆಳೆಯಷ್ಟು ತಿರುಗಿಸಿದೆ. ತೊಗರಿ ನಿಂತಿತು. ಕೈ ಬಿಟ್ಟೆ, ಮತ್ತೆ ಶುರುವಾಯಿತು. (ಬಲಕ್ಕೆ ತಿರುಗಿಸುವ ಸಾಹಸ ಬೇಡ. ಓಡುವ ಎಂಜಿನ್ನಿನಲ್ಲಿ ಚೈನ್ ಸಡಿಲಾಗಿ ಒಂದು ಹಲ್ಲು ಜಿಗಿದರೆ ವಾಲ್ವ್ ಪಿಸ್ಟನ್ನಿಗೆ ಬಡಿಯಬಹುದು.)

ನನ್ನ ಸಂತೋಷಕ್ಕೆ ಪಾರವಿರಲಿಲ್ಲ. ಕೆಟ್ಟಿರುವುದು ಟೆನ್ಷನರ್ ಒಂದೇ ಎಂದುಕೊಂಡು ಮುನ್ನೂರ ಐವತ್ತು ರೂಪಾಯಿಗೆ ಹೊಸದನ್ನು ತಂದು ಹಾಕಿದೆ. ಎಂಜಿನ್ ಆ ಸದ್ದಿಲ್ಲದೆ ಓಡಿತು. ಗ್ಯಾರೇಜಿನ ಮುಂದೆ ಬೇಕೆಂದೇ ನಿಧಾನವಾಗಿ ಹಾದುಹೋದೆ.

ಹನ್ನೊಂದು ದಿನ. ಹನ್ನೆರಡನೆಯ ದಿನ ಮತ್ತೆ ಮೊರ ಹಿಡಿದರು.

ಆಗ ಹೋದದ್ದು ಸ್ಟೇಷನ್ ಕಡೆಯ ಹಳೆಯ ಮಿಸ್ತ್ರಿಯೊಬ್ಬರ ಹತ್ತಿರ. ಎಲ್ಲರೂ ಅವರನ್ನು ಚಾಚಾ ಎನ್ನುತ್ತಾರೆ. ನಾನು ಪುರಾಣವನ್ನೆಲ್ಲ ಹೇಳಿ ಮುಗಿಸುವವರೆಗೆ ಸುಮ್ಮನಿದ್ದು, ಒಂದೇ ಪ್ರಶ್ನೆ ಕೇಳಿದರು: "ಹಳೆಯ ಟೆನ್ಷನರಿನ ಕಡ್ಡಿ ಎಷ್ಟು ಹೊರಗೆ ಬಂದಿತ್ತು, ಸಾಹೇಬರೇ?"

ನಾನು ನೋಡಿರಲಿಲ್ಲ. ಬಿಚ್ಚಿದ ಮೇಲೆ ನೋಡಿ ಪ್ರಯೋಜನವೂ ಇಲ್ಲ, ಏಕೆಂದರೆ ಬೋಲ್ಟ್ ಕಳಚಿದ ಕೂಡಲೇ ಸ್ಪ್ರಿಂಗು ಕಡ್ಡಿಯನ್ನು ಪೂರ್ತಿ ಹೊರಗೆ ದೂಡಿಬಿಡುತ್ತದೆ. ಅಳೆಯಬೇಕಾದದ್ದು ಅದು ಎಂಜಿನ್ನಿನಲ್ಲಿ ಕೂತಿರುವಾಗಲೇ. ಚಾಚಾ ಮಾಡಿ ತೋರಿಸಿದರು. ಎಂಜಿನ್ ಬಂದ್ ಮಾಡಿ, ಕ್ರ್ಯಾಂಕಿನ ತುದಿಯ ಚಕ್ರವಾದ ಮ್ಯಾಗ್ನೆಟ್ಟಿನ 'ಟಿ' ಗುರುತನ್ನು (ಪಿಸ್ಟನ್ ತುತ್ತತುದಿಯಲ್ಲಿದೆ ಎಂದು ತೋರಿಸುವುದು) ಗೀರಿಗೆ ತಂದು ನಿಲ್ಲಿಸಿ, ಹಿಂದಿನ ಸೀಳಿಗೆ ಸ್ಕ್ರೂಡ್ರೈವರ್ ಹಾಕಿ ಬಲಕ್ಕೆ ತಿರುಗಿಸುತ್ತ ಎಣಿಸಿದರು. ಕಡ್ಡಿ ಪೂರ್ತಿ ಒಳಗೆ ಹೋಗಿ ನಿಲ್ಲುವಷ್ಟರಲ್ಲಿ ಐದು ಸುತ್ತು, ಮೇಲೆ ಕಾಲು. ಆಮೇಲೆ ಟೆನ್ಷನರನ್ನು ಬಿಚ್ಚಿ ಕೈಯಲ್ಲಿ ಹಿಡಿದು, ತುದಿಯಿಂದ ತುದಿಗೆ ಎಣಿಸಿದರು. ಒಟ್ಟು ಆರು. ಅಂದರೆ ನನ್ನ ಹೊಸ ಟೆನ್ಷನರು ತನ್ನ ಓಟವನ್ನು ಹೆಚ್ಚುಕಡಿಮೆ ಮುಗಿಸಿ, ಸ್ಪ್ರಿಂಗು ಬಿಚ್ಚಿಕೊಂಡು ಸೋತ ಕೊನೆಯಲ್ಲಿ ನಿಂತಿತ್ತು. ಹಳೆಯದೂ ಹಾಗೆಯೇ ಇದ್ದಿರಬೇಕು. ಸ್ಕ್ರೂಡ್ರೈವರಿನಿಂದ ಒತ್ತಿದಾಗ ಸದ್ದು ನಿಂತದ್ದು ನನ್ನ ಕೈಬಲದಿಂದ. ಅದನ್ನು ನಾನು ಟೆನ್ಷನರಿನ ತಪ್ಪು ಎಂದು ಓದಿಕೊಂಡಿದ್ದೆ.

"ಎಣ್ಣೆಯಲ್ಲಿ ಕರಿ ಚೂರು ಬಂದಿತ್ತೇ?" ಎಂದು ಆಮೇಲೆ ಕೇಳಿದರು. ಬಂದಿತ್ತು. ಫೆಬ್ರವರಿಯಲ್ಲಿ ಆಯಿಲ್ ಬದಲಿಸುವಾಗ ತಟ್ಟೆಯ ತಳದಲ್ಲಿ ಎಳ್ಳಿನಷ್ಟು ದೊಡ್ಡ ಕರಿ ಚೂರುಗಳಿದ್ದವು. ಉಗುರಿನಿಂದ ಒತ್ತಿದರೆ ರಬ್ಬರಿನಂತೆ ಬಾಗುತ್ತಿದ್ದವು. ಕಸವೆಂದು ಚೆಲ್ಲಿಬಿಟ್ಟಿದ್ದೆ. ಸದ್ದು ಶುರುವಾಗುವುದಕ್ಕೆ ಒಂದು ತಿಂಗಳು ಮೊದಲೇ ಉತ್ತರ ನನ್ನ ತಟ್ಟೆಯಲ್ಲಿತ್ತು.

ಮುಂದಿನ ಕೆಲಸ ಚಾಚಾ ಅವರದು. ನಾನು ಪಾನಾ ಎತ್ತಿಕೊಡುವವನು. ಮ್ಯಾಗ್ನೆಟ್ ಎಳೆಯುವ ಪುಲ್ಲರ್ ನನ್ನ ಹತ್ತಿರ ಇರಲಿಲ್ಲ, ಮುಂದಿನ ಗೈಡ್ ತೆಗೆಯಲು ಹೆಡ್ಡನ್ನೂ ಎತ್ತಬೇಕಿತ್ತು. ಹೊರಬಂದ ಹಿಂದಿನ ಗೈಡನ್ನು ಚಿಂದಿಯಿಂದ ಒರೆಸಿ ನನ್ನ ಕೈಗಿಟ್ಟರು. ಮಳೆಗಾಲದ ಎರೆಹೊಲದಲ್ಲಿ ಬಂಡಿ ಹಾದ ಹಾಗೆ ಉದ್ದಕ್ಕೂ ಜೋಡಿ ಗಾಲಿಜಾಡು. ನಡುವೆ ಒಂದು ಕಡೆ ರಬ್ಬರ್ ಪೂರ್ತಿ ಸವೆದು ಒಳಗಿನ ಲೋಹ ಮಿಂಚುತ್ತಿತ್ತು. ಚೈನ್ ಉಜ್ಜುತ್ತಿದ್ದದ್ದು ಅದನ್ನೇ. ಮುಂದಿನ ಗೈಡಿನಲ್ಲಿ ಸವೆತ ಕಡಿಮೆ. ಹಳೆಯ ಚೈನನ್ನು ಹೊಸದರ ಪಕ್ಕ ತೂಗುಹಾಕಿದಾಗ ಅರ್ಧ ಕೊಂಡಿಯಷ್ಟು ಉದ್ದವಿತ್ತು.

ಚೈನ್, ಎರಡು ಗೈಡು, ಸ್ಪ್ರಾಕೆಟ್. ಗ್ಯಾರೇಜಿನ ಹುಡುಗ ಹತ್ತು ಸೆಕೆಂಡಿನಲ್ಲಿ ಹೇಳಿದ ಕಿಟ್ಟೇ. ಅವನು ಸರಿಯಾಗಿಯೇ ಹೇಳಿದ್ದ. ಹೇಗೆ ತಿಳಿಯಿತು ಎಂದು ಕೇಳಿದರೆ ಉತ್ತರ ಕೊಡುತ್ತಿದ್ದನೋ ಇಲ್ಲವೋ, ನಾನಂತೂ ಕೇಳಲಿಲ್ಲ.

ಜೋಡಿಸುವಾಗ ಚಾಚಾ ಅವಸರಪಡಲಿಲ್ಲ. ಕೆಳಗೆ 'ಟಿ' ಗುರುತು, ಮೇಲೆ ಕ್ಯಾಮ್ ಸ್ಪ್ರಾಕೆಟ್ಟಿನ ಗೆರೆ ಹೆಡ್ಡಿನ ಅಂಚಿಗೆ ಸಮ. ಪ್ಲಗ್ ತೆಗೆದು, ಕಿಕ್ ಮುಟ್ಟದೆ, ಪಾನಾದಿಂದ ಕ್ರ್ಯಾಂಕನ್ನು ಕೈಯಲ್ಲೇ ಎರಡು ಸುತ್ತು ತಿರುಗಿಸಿದರು. ಎಲ್ಲೂ ತಡೆಯಲಿಲ್ಲ, ಗುರುತುಗಳೂ ಮತ್ತೆ ಕೂಡಿದವು. ಈಗ ಟೆನ್ಷನರ್ ಸುತ್ತು ಎಣಿಸಿದಾಗ ಎರಡು ಸುತ್ತೂ ಆಗಲಿಲ್ಲ.

ಐನೂರು ಕಿಲೋಮೀಟರಿಗೆ ಆಯಿಲ್ ಇಳಿಸಿ ಬಿಳಿ ಧೋತರದ ತುಂಡಿನಲ್ಲಿ ಸೋಸಿದೆ. ಎಲ್ಲೋ ಮೂಲೆಯಲ್ಲಿ ಉಳಿದಿದ್ದ ಎರಡು ಕರಿ ಚೂರು ಸಿಕ್ಕವು. ಅದರ ಮುಂದಿನ ಸಲ ಬಟ್ಟೆಯಲ್ಲಿ ಎಣ್ಣೆಯ ಕಲೆ ಬಿಟ್ಟರೆ ಏನೂ ಇರಲಿಲ್ಲ.