ಮುಟ್ಟು ತಡವಾದರೆ ಹಿಂದಕ್ಕೆ ಎಣಿಸಿ

ಪರೀಕ್ಷೆ ಮುಗಿಸಿ ನಿರಾಳವಾಗಿ ಊರಿಗೆ ಬಂದ ಮೇಲೆ ಡೇಟ್ ತಪ್ಪಿತೆಂದು ಗಾಬರಿಯಾಗುವ ಹುಡುಗಿಯರು ದಾವಣಗೆರೆಯ ಹಾಸ್ಟೆಲ್‌ಗಳಲ್ಲಿ ಬಹಳ ಮಂದಿ. ಈಗ ಟೆನ್ಷನ್ನೇ ಇಲ್ಲವಲ್ಲ ಅಂತಾರೆ. ಕಾರಣ ಈ ವಾರದ್ದಲ್ಲ, ಅಂಡ ಬಿಡುಗಡೆಯಾಗಬೇಕಿದ್ದ ವಾರದ್ದು.

ಅಂಡ ಹೊರಬಿದ್ದ ಮೇಲೆ ಮುಟ್ಟಾಗಲು ಹೆಚ್ಚುಕಡಿಮೆ 14 ದಿನ ಬೇಕು. ಈ ಅವಧಿ ಅಷ್ಟಾಗಿ ಬದಲಾಗದು. ಹಿಗ್ಗುವುದು ಅದಕ್ಕೂ ಮುಂಚಿನ ದಿನಗಳು. ಚಿಂತೆ, ನಿದ್ದೆಗೇಡು, ಅರೆಹೊಟ್ಟೆ ಹೆಚ್ಚಾದಾಗ ಮಿದುಳಿನಲ್ಲಿ ಹಾರ್ಮೋನ್‌ಗಳನ್ನು ನಡೆಸುವ ಹೈಪೋಥಲಾಮಸ್ ಎಂಬ ಭಾಗದಿಂದ ಹೊರಡುವ ಸೂಚನೆ ತಗ್ಗಿ, ಅಂಡ ಬಲಿಯುವುದು ನಿಧಾನವಾಗುತ್ತದೆ.

ಲೆಕ್ಕ ಹೀಗೆ. ಬರೀ ಕಲೆಯಲ್ಲ, ಸರಿಯಾಗಿ ರಕ್ತ ಹೋದ ದಿನವೇ 1ನೇ ದಿನ; ಕ್ಯಾಲೆಂಡರಿನಲ್ಲಿ ಸುತ್ತು ಹಾಕಿ. ಮಾರ್ಚ್ 1ಕ್ಕೆ ಆಗಿದ್ದು, ನಿಮ್ಮದು 30 ದಿನದ ಚಕ್ರವಾದರೆ ಮುಂದಿನದು 31ಕ್ಕೆ. ಅಲ್ಲಿಂದ 14 ದಿನ ಹಿಂದೆ ಬನ್ನಿ: 17. ಆ ಹೊತ್ತಿಗೆ ರಾತ್ರಿಯೆಲ್ಲ ಓದಿ ಅಂಡ 8 ದಿನ ತಡವಾದರೆ, ಮುಟ್ಟಾಗುವುದು ಏಪ್ರಿಲ್ 8ಕ್ಕೆ. ಅದಕ್ಕೇ ನಿದ್ದೆಯ ಗಂಟೆ, ಜ್ವರ, ತೂಕ, ನುಂಗಿದ ತುರ್ತು ಗರ್ಭನಿರೋಧಕ ಮಾತ್ರೆ, ಎಲ್ಲವನ್ನೂ ಅದೇ ಹಾಳೆಯಲ್ಲಿ 3 ತಿಂಗಳು ಬರೆಯಿರಿ.

ಚನ್ನಗಿರಿ ಕಡೆ ಅಡಿಕೆ ಸುಲಿಯಲು ನಸುಕಿಗೇ ಏಳುವವರು, ರಾತ್ರಿ ಪಾಳಿಯ ನರ್ಸ್‌ಗಳು ಹಗಲಾದರೂ ಸರಿ, ದಿನಾ ಒಂದೇ ಹೊತ್ತಿಗೆ 7 ಗಂಟೆ ಮಲಗಲು ನೋಡಬೇಕು. ಊಟ ಬಿಟ್ಟು ಓಡಿ ತೂಕ ಇಳಿಸುವುದಂತೂ ಬೇಡವೇ ಬೇಡ. ಮುಟ್ಟು ನಿಂತೇ ಹೋಗಬಹುದು, ಮೂಳೆಯೂ ಸವೆಯುತ್ತದೆ, ಮತ್ತೆ ಸರಿಹೋಗಲು ತಿಂಗಳುಗಟ್ಟಲೆ ಹಿಡಿಯುತ್ತದೆ. ರಾತ್ರಿ ಊಟವನ್ನು ಮಂಡಕ್ಕಿ ಮೆಣಸಿನಕಾಯಿಯಲ್ಲೇ ಮುಗಿಸಬೇಡಿ. ರೊಟ್ಟಿ, ಕಾಳುಪಲ್ಯ, ಮೊಸರು ಇರಲಿ.

ದುಗ್ಗಮ್ಮನ ಜಾತ್ರೆಗೆಂದು ಮುಟ್ಟು ಮುಂದೂಡುವ ಮಾತ್ರೆ ನುಂಗಿದ್ದರೆ ಆ ತಿಂಗಳ ಲೆಕ್ಕ ಬಿಡಿ. ನಿಲ್ಲಿಸಿದ 2-3 ದಿನಕ್ಕೆ ರಕ್ತ ಬರುವುದು ಮಾತ್ರೆಯಿಂದ. ರಕ್ತ ಹೆಪ್ಪುಗಟ್ಟುವ ತೊಂದರೆ ಇದ್ದವರು ಅದನ್ನು ಮುಟ್ಟಲೇಬಾರದು, ಉಳಿದವರೂ ಡಾಕ್ಟರನ್ನು ಕೇಳದೆ ಮೆಡಿಕಲ್ ಶಾಪಿನಿಂದ ತರಬೇಡಿ.

ಹಾಗಂತ ಎಲ್ಲವನ್ನೂ ಟೆನ್ಷನ್ ತಲೆಗೆ ಕಟ್ಟಬೇಡಿ. ಗರ್ಭ ನಿಂತಿರುವ ಸಾಧ್ಯತೆ ಇದ್ದರೆ, ಡೇಟ್ ದಾಟಿದ 7ನೇ ದಿನ ಬೆಳಗಿನ ಮೊದಲ ಮೂತ್ರದಲ್ಲಿ ಕಿಟ್ ಪರೀಕ್ಷೆ ಮಾಡಿ. ಚಕ್ರ 21ರಿಂದ 35 ದಿನದೊಳಗಿದ್ದರೆ ಸಹಜ. ಮೈನೆರೆದ ಮೊದಲ ವರ್ಷಗಳಲ್ಲಿ 45 ದಿನದವರೆಗೂ ಹೋಗಬಹುದು. 3 ತಿಂಗಳು ಆಗದಿದ್ದರೆ, ಮುಖದ ಮೇಲೆ ಗಡ್ಡದಂತೆ ಕೂದಲು ಬಂದರೆ, 7 ದಿನ ಮೀರಿ ರಕ್ತ ಹೋದರೆ ಡಾಕ್ಟರಿಗೆ ತೋರಿಸಿ. ಥೈರಾಯ್ಡ್, ಪ್ರೊಲ್ಯಾಕ್ಟಿನ್ (ಎದೆಹಾಲು ಬರಿಸುವ ಹಾರ್ಮೋನ್) ರಕ್ತಪರೀಕ್ಷೆ, ಸ್ಕ್ಯಾನಿಂಗ್ ಬೇಕಾಗಬಹುದು. ಗಂಟೆಗೊಂದು ಪ್ಯಾಡ್ ನೆನೆಯುತ್ತಿದ್ದರೆ ಅಂದೇ ಹೊರಡಿ. ಚಿಗಟೇರಿ ಜಿಲ್ಲಾ ಆಸ್ಪತ್ರೆಯಾಗಲಿ, ಹತ್ತಿರದ ತಾಲ್ಲೂಕು ಆಸ್ಪತ್ರೆಯಾಗಲಿ, ಕ್ಯಾಲೆಂಡರಿನ ಹಾಳೆ ಜೊತೆಗಿರಲಿ.