ಮಲಪ್ರಭೆ ದಂಡೆಗುಂಟ ರಾಮಾಯಣ, ಮಹಾಭಾರತ: ಹೋಗಿಬರೋದು ಹೇಗೆ?

ಬಾಗಲಕೋಟೆಯಲ್ಲಿ ನನ್ನದೊಂದು ಕ್ರೂಸರ್ ಗಾಡಿ ಇದೆ. ಮದುವೆ ಸೀಸನ್ ಮುಗಿದರೆ ನನಗೆ ದೇವಸ್ಥಾನದ ಬಾಡಿಗೆಯೇ ಜಾಸ್ತಿ. "ಶಬರಿ ಇದ್ದ ಜಾಗ, ಪರಶುರಾಮನ ಜಾಗ ಎಲ್ಲಾ ತೋರಿಸಿಬಿಡ್ರಿ, ಸಂಜೆಗೆ ವಾಪಸ್" ಅನ್ನುತ್ತಾರೆ. ಸಂಜೆಗೆ ವಾಪಸ್ ಬರಬಹುದು, ಆದರೆ ನೋಡಿದ್ದು ಬರೀ ಪಾರ್ಕಿಂಗ್ ಆಗಿರುತ್ತದೆ. ಮೂರು ದಿನ ಇಟ್ಟುಕೊಳ್ಳಿ.

ನವೆಂಬರ್‌ನಿಂದ ಫೆಬ್ರವರಿವರೆಗೆ ಒಳ್ಳೆಯ ಕಾಲ. ಏಪ್ರಿಲ್, ಮೇ ತಿಂಗಳಲ್ಲಿ ಬಾದಾಮಿಯ ಕಲ್ಲಿನ ಮೇಲೆ ಬರಿಗಾಲಿಡಲು ಆಗಲ್ಲ. ಶನಿವಾರ ಇಲ್ಲವೇ ಸೋಮವಾರ ಹೊರಡಿ. ಮಂಗಳವಾರ, ಶುಕ್ರವಾರ ಮತ್ತು ಹುಣ್ಣಿಮೆಗೆ ಸವದತ್ತಿ ಯಲ್ಲಮ್ಮನ ಗುಡ್ಡದಲ್ಲಿ ಕಾಲಿಡಲು ಜಾಗ ಇರಲ್ಲ. ಶುಕ್ರವಾರ ಬಾದಾಮಿ, ಐಹೊಳೆಯ ಮ್ಯೂಸಿಯಂಗಳಿಗೂ ರಜೆ.

ಮುಖ್ಯ ವಿಷಯ ಇನ್ನೊಂದಿದೆ. ಗಾಡಿಯಲ್ಲಿ ಕಥೆ ಬಲ್ಲವರೊಬ್ಬರು ಇರಲೇಬೇಕು. ಅಜ್ಜಿ, ಸೋದರಮಾವ, ಯಾರಾದರೂ ಸರಿ, ಅವರನ್ನು ಮಕ್ಕಳ ಪಕ್ಕ ಕೂರಿಸಿ. ಮಹಾಭಾರತದ ವನಪರ್ವದಲ್ಲಿ ಪಾಂಡವರೂ ಹೀಗೇ ಸುತ್ತಿದ್ದು. ತೀರ್ಥಯಾತ್ರೆ ಹೋಗುತ್ತಾ ಋಷಿಗಳ ಬಾಯಿಂದ ಕಥೆ ಕೇಳುತ್ತಾರೆ. ಅಗಸ್ತ್ಯ ವಾತಾಪಿಯನ್ನು ಅರಗಿಸಿಕೊಂಡದ್ದು, ಪರಶುರಾಮ ತಂದೆಯ ಮಾತಿಗೆ ತಾಯಿ ರೇಣುಕೆಯ ತಲೆ ಕಡಿದದ್ದು, ಎರಡೂ ಅಲ್ಲೇ ಬರುತ್ತವೆ. ಎರಡಕ್ಕೂ ನಮ್ಮ ಕಡೆ ಜಾಗ ಇದೆ. ಕಥೆ ಗಾಡಿಯಲ್ಲೇ ಮುಗಿಯಲಿ, ಇಳಿದ ಮೇಲೆ ಬರೀ ನೋಡಿ.

ದಾರಿಯನ್ನು ಮಲಪ್ರಭಾ ನದಿ ಹರಿಯುವ ಕಡೆಗೇ ಇಟ್ಟುಕೊಳ್ಳಿ. ಮೊದಲ ದಿನ ಬೆಳಿಗ್ಗೆ ಸವದತ್ತಿ. ಜೋಗುಳಬಾವಿಯಲ್ಲಿ ಸ್ನಾನ ಮಾಡಿ ಆಮೇಲೆ ಗುಡ್ಡಕ್ಕೆ ಹೋಗುವುದು ಪದ್ಧತಿ. ರೇಣುಕೆಯೇ ಇಲ್ಲಿ ಯಲ್ಲಮ್ಮ. ಭಂಡಾರ (ಅರಿಶಿನ ಪುಡಿ) ಹಚ್ಚಿಸಿಕೊಂಡ ಕೈಯಲ್ಲಿ ಸೀಟು ಮುಟ್ಟಿದರೆ ಕಲೆ ಹೋಗಲ್ಲ, ಹಳೆ ಬಟ್ಟೆಯೊಂದು ಜೊತೆಗಿರಲಿ. ಇದು ಡ್ರೈವರ್ ಸಂಕಟ!

ಮಧ್ಯಾಹ್ನಕ್ಕೆ ರಾಮದುರ್ಗ ತಾಲೂಕಿನ ಸುರೇಬಾನ ಹತ್ತಿರದ ಶಬರಿಕೊಳ್ಳ. ಗುಡ್ಡದ ಕೊಳ್ಳದಲ್ಲಿ ಸಣ್ಣ ಗುಡಿ, ನೀರಿನ ಹೊಂಡ. ಶಬರಿ ರಾಮನಿಗೆ ಬಾರಿ (ಬೋರೆ) ಹಣ್ಣು ಕೊಟ್ಟಿದ್ದು ಇಲ್ಲೇ ಅನ್ನುತ್ತಾರೆ. ಹಂಪಿಯವರೂ ಪಂಪಾ ಸರೋವರ ತೋರಿಸಿ ಅದನ್ನೇ ಹೇಳುತ್ತಾರೆ. ಇರಲಿ ಬಿಡಿ, ಗುಡಿಯ ಮುಂದೆ ನಿಂತು ಆ ಜಗಳ ತೆಗೆಯಬೇಡಿ. ವಾಲ್ಮೀಕಿಯ ಶಬರಿ ಕಾಡಿನ ಹಣ್ಣು-ಹಂಪಲು ಕೊಡುತ್ತಾಳೆ, ಕಚ್ಚಿ ರುಚಿ ನೋಡಿ ಕೊಡುವುದು ಜನ ಕಟ್ಟಿದ ಕಥೆ. ನನಗೆ ಜನರ ಶಬರಿಯೇ ಇಷ್ಟ. ಮಾಗಿಯಲ್ಲಿ ಹೋದರೆ ಬಾರಿ ಹಣ್ಣು ಸಂತೆಯಲ್ಲೇ ಸಿಗುತ್ತದೆ. ಒಂದು ಪಾವು ತಗೊಳ್ಳಿ.

ಕತ್ತಲಾಗುವುದರೊಳಗೆ ಬಾದಾಮಿ ಸೇರಿ. ಕಬ್ಬಿನ ಹಂಗಾಮಿನಲ್ಲಿ ಎರಡೆರಡು ಟ್ರೇಲರ್ ಎಳೆಯುವ ಟ್ರ್ಯಾಕ್ಟರ್‌ಗಳು ಓಡಾಡುತ್ತವೆ. ಹಿಂದೆ ಲೈಟ್ ಇರಲ್ಲ, ಹತ್ತಿರ ಹೋಗುವವರೆಗೂ ಕಾಣಲ್ಲ.

ಎರಡನೇ ದಿನ ಬಾದಾಮಿ. ಹಿಂದೆ ಇದರ ಹೆಸರು ವಾತಾಪಿ. ರಾಕ್ಷಸ ಇಲ್ವಲ ತನ್ನ ತಮ್ಮ ವಾತಾಪಿಯನ್ನು ಆಡು ಮಾಡಿ, ಅಡುಗೆ ಮಾಡಿ ಅತಿಥಿಗಳಿಗೆ ಬಡಿಸುತ್ತಿದ್ದ. ಊಟ ಆದಮೇಲೆ "ವಾತಾಪಿ, ಬಾ" ಅಂದರೆ ಅವನು ಹೊಟ್ಟೆ ಸೀಳಿಕೊಂಡು ಬರುತ್ತಿದ್ದ. ಅಗಸ್ತ್ಯರ ಹೊಟ್ಟೆಯಲ್ಲಿ ಆ ಆಟ ನಡೆಯಲಿಲ್ಲ. ಕೂಸಿನ ಹೊಟ್ಟೆ ಸವರಿ "ವಾತಾಪಿ ಜೀರ್ಣೋಭವ" ಅನ್ನುವ ಅಜ್ಜಿಯರು ಈಗಲೂ ಇದ್ದಾರೆ, ಅಲ್ವಾ? ಗುಹೆಗಳನ್ನು ಗೈಡ್ ತೋರಿಸುತ್ತಾರೆ. ನೀವಾಗಿ ಮಾಡಬೇಕಾದ್ದು ಎರಡು: ಅಗಸ್ತ್ಯ ತೀರ್ಥ ಅನ್ನುವ ಕೆರೆಯ ದಂಡೆ ಹಿಡಿದು ಭೂತನಾಥ ಗುಡಿಗೆ ನಡೆಯುವುದು, ಉತ್ತರದ ಕೋಟೆ ಹತ್ತಿ ಮೇಲಿನ ಶಿವಾಲಯದಲ್ಲಿ ರಾಮಾಯಣದ ಚಿತ್ರ ಹುಡುಕುವುದು. ಕೈಯಲ್ಲಿ ತಿಂಡಿ ಪೊಟ್ಟಣ ಬೇಡ. ಇಲ್ಲಿನ ಮಂಗಗಳು ರಾಮನ ಕಡೆಯವಲ್ಲ.

ಮಧ್ಯಾಹ್ನದ ಊಟಕ್ಕೆ ಬನಶಂಕರಿಗೆ ಬನ್ನಿ, ಐದೇ ಕಿಲೋಮೀಟರ್. ಗುಡಿ ಮುಂದೆ ಬುಟ್ಟಿ ಹೊತ್ತ ಅವ್ವಂದಿರು ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಪಲ್ಯ, ಮಡಕೆ ಮೊಸರು ಕೊಡುತ್ತಾರೆ. ಹೋಟೆಲ್ ಹುಡುಕಬೇಡಿ.

ಮೂರನೇ ದಿನ ಬೇಗ ಎದ್ದು ಪಟ್ಟದಕಲ್ಲಿಗೆ ಹೊರಡಿ, 22 ಕಿಲೋಮೀಟರ್. ಎಲ್ಲರೂ ವಿರೂಪಾಕ್ಷ ಗುಡಿ ನೋಡಿ ಗಾಡಿಗೆ ಮರಳುತ್ತಾರೆ. ನೀವು ದಕ್ಷಿಣಕ್ಕೆ ಸ್ವಲ್ಪ ನಡೆದು ಪಾಪನಾಥ ಗುಡಿಗೆ ಮೊದಲು ಹೋಗಿ. ಅದರ ದಕ್ಷಿಣದ ಹೊರಗೋಡೆ ತುಂಬಾ ರಾಮಾಯಣ. ಚಳಿಗಾಲದಲ್ಲಿ ಸೂರ್ಯ ಆ ಕಡೆಗೇ ವಾಲಿರುತ್ತಾನೆ, ಬೆಳಗಿನ ಓರೆ ಬಿಸಿಲಿಗೆ ಮುಖ, ಬಿಲ್ಲು, ಬಾಲ ಎಲ್ಲಾ ಎದ್ದು ಕಾಣುತ್ತವೆ. ಹತ್ತು ಗಂಟೆ ದಾಟಿದರೆ ಅದೇ ಗೋಡೆ ಚಪ್ಪಟೆ. ಹತ್ತಿರ ಹೋಗಿ ನೋಡಿ: ಪಾತ್ರಗಳ ಜೊತೆ ಅವರ ಹೆಸರನ್ನೂ ಸಣ್ಣ ಅಕ್ಷರದಲ್ಲಿ ಕೊರೆದಿದ್ದಾರೆ. ಎಂಟನೇ ಶತಮಾನದಲ್ಲೂ "ಇದು ಯಾರು?" ಅಂತ ಕೇಳುವ ಮಕ್ಕಳಿದ್ದರು ಅನಿಸುತ್ತದೆ.

ಆಮೇಲೆ ವಿರೂಪಾಕ್ಷ. ಚಾಲುಕ್ಯ ದೊರೆ ಎರಡನೇ ವಿಕ್ರಮಾದಿತ್ಯ ಕಂಚಿ ಗೆದ್ದ ನೆನಪಿಗೆ ರಾಣಿ ಲೋಕಮಹಾದೇವಿ ಕಟ್ಟಿಸಿದ್ದು. ಒಳಗೆ ಕತ್ತಲು, ಮೊಬೈಲ್ ಟಾರ್ಚ್ ಬೇಕು. ಕಂಬಕ್ಕೆ ಎದುರಾಗಿ ಬೆಳಕು ಬಿಡಬೇಡಿ, ಪಕ್ಕದಿಂದ ಬಿಡಿ. ಬಾಣದ ಹಾಸಿಗೆಯ ಮೇಲೆ ಮಲಗಿದ ಭೀಷ್ಮನನ್ನು ಹುಡುಕಲು ಮಕ್ಕಳಿಗೆ ಪಂದ್ಯ ಕಟ್ಟಿ. ದೊಡ್ಡವರು ಆರಾಮಾಗಿ ಕೂತುಕೊಳ್ಳಬಹುದು.

ಐಹೊಳೆಯಲ್ಲಿ ಪರಶುರಾಮ ರಕ್ತದ ಕೊಡಲಿ ತೊಳೆದನಂತೆ, ಹೊಳೆ ಕೆಂಪಾಯಿತಂತೆ. ದಂಡೆಯಲ್ಲಿ ಕೊಡಲಿಯಂಥ ಬಂಡೆ ತೋರಿಸುತ್ತಾರೆ. ರಾವಣಫಡಿಯಲ್ಲಿ ರಾವಣನನ್ನು ಹುಡುಕಬೇಡಿ, ಅಲ್ಲಿ ಕುಣಿಯುವುದು ಶಿವ. ಕಾಲಿಗೆ ಶಕ್ತಿ ಉಳಿದಿದ್ದರೆ ಮೇಗುತಿ ಗುಡ್ಡ ಹತ್ತಿ. ಅದು ಜೈನ ಬಸದಿ, ಹೊರಗೋಡೆ ಮೇಲೆ ಕವಿ ರವಿಕೀರ್ತಿಯ ಶಾಸನವಿದೆ. ಕ್ರಿ.ಶ. 634ರದ್ದು. ಶಕ ವರ್ಷ 556 ಅಂತ ಹೇಳುವುದರ ಜೊತೆಗೆ, ಭಾರತ ಯುದ್ಧ ಆಗಿ 3735 ವರ್ಷ ಆಯಿತು ಅಂತಲೂ ಬರೆದಿದ್ದಾನೆ. ಕಥೆಗೆ ಲೆಕ್ಕ ಇಟ್ಟ ಊರು ಇದು! ಹೊರಡುವ ಮೊದಲು ಅದನ್ನು ನೋಡದೆ ಬರಬೇಡಿ.

ವಾಪಸ್ ಅಮೀನಗಡದ ಮೇಲೆ ಬನ್ನಿ, ಕರದಂಟು ಸಿಗುತ್ತದೆ. ಗಾಡಿ ಬಾಡಿಗೆ ಮಾತಾಡುವಾಗ ಡ್ರೈವರ್ ಬತ್ತಾ, ರಾತ್ರಿ ಹಾಲ್ಟ್ ಸೇರಿದೆಯೋ ಇಲ್ಲವೋ ಮೊದಲೇ ಕೇಳಿ. ಬಸ್ಸಲ್ಲಿ ಹೋಗುವವರು ಬಾದಾಮಿಯಲ್ಲೇ ಎರಡು ರಾತ್ರಿ ಉಳಿಯಿರಿ. ಐಹೊಳೆಗೆ ಹೋದ ತಕ್ಷಣ ಕೊನೆಯ ಬಸ್ಸು ಎಷ್ಟಕ್ಕೆ ಅಂತ ಕಂಡಕ್ಟರ್ ಹತ್ತಿರವೇ ಕೇಳಿಕೊಂಡು ಇಳಿಯಿರಿ.