ಪಿಯು ಮಕ್ಕಳ ಕೈಲಿ ಎಕ್ಸ್‌ಟೆಂಡೆಡ್ ಎಸ್ಸೆ ಬರೆಸಿದೆ

"ಸಿಇಟಿ, ನೀಟ್ ಬಿಟ್ಟು ಇದೆಲ್ಲಾ ಯಾಕ್ರೀ ಸರ?" ಅಂದವರೇ ಜಾಸ್ತಿ. ಈಗ ಅವರೇ ನಮ್ಮ ಮಕ್ಕಳ ಪ್ರಬಂಧ ಕೇಳಿ ಪಡೆದು ಓದುತ್ತಿದ್ದಾರೆ. ಅದಕ್ಕೇ ಬರೆಯುತ್ತಿದ್ದೇನೆ.

ನಮ್ಮದು ಬೀದರಿನ ಸಾದಾ ಪಿಯು ಕಾಲೇಜು. ಐಬಿ (ಇಂಟರ್‌ನ್ಯಾಷನಲ್ ಬ್ಯಾಕಲಾರಿಯೇಟ್) ಎಂಬ ಅಂತಾರಾಷ್ಟ್ರೀಯ ಪಠ್ಯಕ್ರಮದ ಡಿಪ್ಲೊಮಾದ ಮಾನ್ಯತೆ ಇಲ್ಲ, ಆ ಫೀಸು ಕಟ್ಟುವ ಪೋಷಕರೂ ಇಲ್ಲ. ಆದರೆ ಅದರ ಕೋರ್, ಅಂದರೆ ಟಿಓಕೆ (ಯಾವುದು ಜ್ಞಾನ, ಅದು ಹೇಗೆ ಬರುತ್ತದೆ ಅಂತ ಪ್ರಶ್ನಿಸುವ ಪಾಠ), ಎಸ್ಸೆ (ಮಕ್ಕಳೇ ವಿಷಯ ಆರಿಸಿ ಸಂಶೋಧಿಸಿ ಬರೆಯುವ ಉದ್ದ ಪ್ರಬಂಧ), ಕ್ಯಾಸ್ (ಸೃಜನಶೀಲತೆ, ಚಟುವಟಿಕೆ, ಸೇವೆ) ಮೂರನ್ನೂ ನಮ್ಮ ಮಕ್ಕಳಿಗೆ ಮಾಡಿಸಲು ಯಾರ ಅಪ್ಪಣೆ ಬೇಕು? ಐಬಿಯ 45 ಅಂಕದಲ್ಲಿ ಈ ಕೋರ್‌ಗೆ ಸಿಗುವುದು 3 ಮಾತ್ರ. ಆದರೂ ಡಿಗ್ರಿಗೆ ಹೋದ ಮೇಲೆ ಕೈಹಿಡಿಯುವುದು ಇದೇ ಅಂತ ನನ್ನ ನಂಬಿಕೆ.

ಮೊದಲ ವರ್ಷ ಎಸ್ಸೆ ನೆಲಕಚ್ಚಿತು. ಮಕ್ಕಳು ಆರಿಸಿದ್ದು ಜಾಗತಿಕ ತಾಪಮಾನ, ಇಡೀ ಬಹಮನಿ ಇತಿಹಾಸ. ಬಂದದ್ದು ನೆಟ್‌ನಿಂದ ಇಳಿಸಿದ ಪುಟಗಳು. ಪ್ರಿಂಟು, ಬೈಂಡಿಂಗ್ ಅಂತ ನನ್ನ ಜೇಬಿನಿಂದ ಎರಡು ಸಾವಿರದಷ್ಟು ಹೋಯಿತು.

ಮರುವರ್ಷ ಒಂದೇ ಷರತ್ತು ಹಾಕಿದೆ. ಸೈಕಲ್ ಮೇಲೆ ಹೋಗಿ ನೋಡಿ ಬರಲಾಗದ ವಿಷಯ ಬೇಡ. ಐಬಿಯ 4000 ಪದದ ಮಿತಿಯನ್ನು 1500ಕ್ಕೆ ಇಳಿಸಿದೆ. ಒಬ್ಬ ಹುಡುಗಿ ನಮ್ಮೂರ ಬಿದರಿ ಕಲೆಯ ಪಾತ್ರೆಗಳು ಕಪ್ಪಾಗುವುದನ್ನು ವಿಷಯವಾಗಿ ಹಿಡಿದಳು. ಕೋಟೆಯ ಮಣ್ಣು, ನವಸಾಗರ (ಅಮೋನಿಯಂ ಕ್ಲೋರೈಡ್) ಬೆರೆಸಿದ ನೀರಲ್ಲಿ ಅದ್ದಿದರೆ ಸತು-ತಾಮ್ರದ ಮಿಶ್ರಲೋಹ ಕಪ್ಪಾಗುತ್ತದೆ, ಅದರಲ್ಲಿ ಕೂರಿಸಿದ ಬೆಳ್ಳಿ ಹೊಳೆಯುತ್ತಲೇ ಇರುತ್ತದೆ. ಕೋಟೆ ಮಣ್ಣೇ ಯಾಕೆ, ನಮ್ಮ ಅಂಗಳದ್ದು ಯಾಕಾಗಲ್ಲ ಅಂತ ಅವಳ ಪ್ರಶ್ನೆ. ಕುಶಲಕರ್ಮಿಗಳ ಹತ್ತಿರ ಲೋಹದ ಚೂರು ಕೇಳಿ ತಂದು ಎರಡರಲ್ಲೂ ಅದ್ದಿ ನೋಡಿದಳು. ಅಂಗಳದ ಮಣ್ಣಲ್ಲಿ ಬಂದದ್ದು ಮಾಸಲು ಬೂದು. ಖರ್ಚು ಮುನ್ನೂರು ದಾಟಿರಲಿಲ್ಲ. ಅಂಥ ಪ್ರಬಂಧ ನಮ್ಮ ಕಾಲೇಜಲ್ಲಿ ಹಿಂದೆ ಯಾರೂ ಬರೆದಿರಲಿಲ್ಲ.

ಮಾರ್ಗದರ್ಶಕರ ಜೊತೆ ಐಬಿಯ ಮೂರು ಕಡ್ಡಾಯ ಭೇಟಿ, ಅದರಲ್ಲಿ ಕೊನೆಯದಾದ ವೈವಾ (ಮೌಖಿಕ ಪ್ರಶ್ನೋತ್ತರ), ಇವನ್ನು ಮಾತ್ರ ಸ್ವಲ್ಪವೂ ಸಡಿಲಿಸಲಿಲ್ಲ. ನಕಲು ಸಿಕ್ಕಿಬೀಳುವುದು ಎರಡನೇ ಭೇಟಿಯಲ್ಲಿ. ಅಲ್ಲಿ ನಾನು ಕೇಳುವ ಪ್ರಶ್ನೆ ಒಂದಿದೆ. ಇಲ್ಲಿ ಹೇಳಿದರೆ ಈ ವರ್ಷದ ಬ್ಯಾಚು ಓದಿಬಿಡುತ್ತದೆ, ಬೇಡ.

ನಡುವೆ ಟಿಓಕೆ ಪ್ರದರ್ಶನವನ್ನೂ ಮಾಡಿ ನೋಡಿದೆ. ಯಾವುದನ್ನು ಜ್ಞಾನ ಅನ್ನಬೇಕು ಅನ್ನುವ ಪ್ರಶ್ನೆಗೆ ಒಬ್ಬ ಹುಡುಗ ಮೂರು ವಸ್ತು ತಂದ. ಪಂಚಾಂಗ, ಮಳೆ ತಿಳಿಸುವ ಮೊಬೈಲ್ ಆ್ಯಪ್, ಅಪ್ಪ ತೊಗರಿ ಬಿತ್ತನೆ ಬರೆದಿಟ್ಟ ಹಳೇ ಡೈರಿ. ನೋಡಲು ಬಂದ ಪೋಷಕರು ಡೈರಿ ಮುಂದೆಯೇ ಗುಂಪುಗೂಡಿದರು. ಕ್ಯಾಸ್‌ಗೆ ನೌಬಾದಿನ ಕರೇಜ್ (ನೆಲದಡಿಯ ಹಳೇ ನೀರಿನ ಕಾಲುವೆ) ಸುತ್ತ ಪ್ಲಾಸ್ಟಿಕ್ ಆಯ್ದೆವು. ಅದಿನ್ನೂ ಹದಕ್ಕೆ ಬಂದಿಲ್ಲ, ಪರೀಕ್ಷೆ ಹತ್ತಿರ ಬಂದರೆ ಮಕ್ಕಳೇ ಬರಲ್ಲ.

ಈ ವರ್ಷ ಕಾಲೇಜೇ ದುಡ್ಡು ಕೊಟ್ಟಿದೆ. ಒಬ್ಬ ವಿದ್ಯಾರ್ಥಿಗೆ ಸುಮಾರು ನೂರೈವತ್ತು ರೂಪಾಯಿ ಸಾಕು. ನೀವು ಮಾಡುವುದಾದರೆ ಒಬ್ಬ ಉಪನ್ಯಾಸಕರಿಗೆ ಐದಾರು ಮಕ್ಕಳಿಗಿಂತ ಜಾಸ್ತಿ ಕೊಡಬೇಡಿ.